ಅಪ್ಪ ಅಮ್ಮನ್ನ ಪೆಸಿಫಿಕ್ ದ್ವೀಪಗಳ ಕ್ರೂಸ್‌ಗೆ ಕರ್ಕೊಂಡು ಹೋಗ್ಬಹುದಾ? ಸಿಡ್ನಿಯಿಂದ ಹೊರಡೋದು, ಯಾವ ರೂಟ್ ಒಳ್ಳೇದು?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ತಮ್ಮ ಸಿಡ್ನಿಲಿದಾನೆ, ಬರೋ ವರ್ಷ ಅಪ್ಪ ಅಮ್ಮನ್ನ ಕರ್ಕೊಂಡು ನಾನೂ ನಮ್ಮ ಯಜಮಾನ್ರೂ ಹೋಗೋದು ಅಂತ ಮಾತಾಗಿದೆ, ಈಗ ಅವನು ಹೊಸ ರಾಗ ತೆಗೆದಿದಾನೆ, ಹೆಂಗೂ ಅಷ್ಟು ದೂರ ಬರ್ತೀರಾ ಅಲ್ಲಿಂದ ಹಡಗಲ್ಲಿ ದ್ವೀಪ ನೋಡ್ಕೊಂಡು ಬರೋಣ ಅಂತ. ಎರಡು ಪ್ಯಾಕೇಜ್ ಕಳ್ಸಿದಾನೆ. ಒಂದು ಎಂಟೊಂಬತ್ತು ರಾತ್ರಿದು, ನ್ಯೂ ಕ್ಯಾಲೆಡೋನಿಯಾದ ನುಮೇಯಾ, ಲಿಫೂ, ಆಮೇಲೆ ವನುವಾಟುವಿನ ಮಿಸ್ಟರಿ ಐಲ್ಯಾಂಡ್. ಇನ್ನೊಂದು ಎರಡು ವಾರದ ಹತ್ರ ಇರೋ ಉದ್ದದ್ದು, ಅದ್ರಲ್ಲಿ ಪೋರ್ಟ್ ವಿಲಾ, ಫಿಜಿಯ ಸುವಾ, ಲೌಟೋಕಾ ಎಲ್ಲಾ ಇದೆ, ದುಡ್ಡೂ ಜಾಸ್ತಿ.

ನಂಗೆ ಇರೋ ತಲೆನೋವು ಏನಂದ್ರೆ ಅಪ್ಪಂಗೆ 76, ಮದ್ದೂರ್ ಹತ್ರ ಹಳ್ಳಿ, ಮೊನ್ನೆ ಮೊನ್ನೆವರ್ಗೂ ಕಬ್ಬಿನ ಗದ್ದೆಲೇ ಇದ್ದವ್ರು, ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ, ನಡಿಯೋದಾದ್ರೆ ನಿಧಾನಕ್ಕೆ ನಡೀತಾರೆ. ಮುದ್ದೆ ಇಲ್ದೆ ಊಟ ಅಂತ ಒಪ್ಪಲ್ಲ. ಅಮ್ಮ ಮಾಂಸ ಬಿಟ್ಟು ವರ್ಷಗಳಾಯ್ತು, ಮಡಿಕೇರಿ ಘಾಟಿಲೇ ವಾಂತಿ ಮಾಡ್ಕೊಳ್ಳೋರು. ಇಂಥವ್ರನ್ನ ನಡುಸಮುದ್ರಕ್ಕೆ ಕರ್ಕೊಂಡು ಹೋಗೋದು ಹುಚ್ಚುತನನಾ? ವೀಸಾ ಎಲ್ಲಾ ದೇಶಕ್ಕೂ ಬೇರೆ ಬೇರೆ ಮಾಡಿಸ್ಬೇಕಾ? ಹೋಗಿ ಬಂದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಯೂಟ್ಯೂಬ್‌ನಲ್ಲಿ ಬರೀ ಸ್ವಿಮ್ಮಿಂಗ್ ಪೂಲು, ಬಫೆ ತೋರಿಸ್ತಾರೆ, ಕೆಲಸಕ್ಕೆ ಬರೋ ಮಾತು ಒಂದೂ ಇಲ್ಲ.

ಸರಸ್ವತಿಪುರಂ_ಸುತ್ತಾಟ:

ಮೇಡಂ ನಾವು ಅತ್ತೆ ಮಾವನ್ನ ಕರ್ಕೊಂಡು ಇದೇ ಕಡೆ ಹೋಗಿದ್ವಿ, ಹುಚ್ಚುತನ ಏನಲ್ಲ, ಆದ್ರೆ ಪ್ಯಾಕೇಜ್ ನೋಡುವಾಗ ಬೆಲೆಗಿಂತ ಮುಂಚೆ ಒಂದು ವಿಷ್ಯ ನೋಡಿ. ಹಡಗು ಯಾವ್ಯಾವ ಊರಲ್ಲಿ ದಡಕ್ಕೆ ಕಟ್ಟಿ ನಿಲ್ಲುತ್ತೆ, ಎಲ್ಲೆಲ್ಲಿ ದೂರದಲ್ಲೇ ಲಂಗರು ಹಾಕಿ ಸಣ್ಣ ಬೋಟಲ್ಲಿ ಜನನ್ನ ಸಾಗಿಸುತ್ತೆ ಅಂತ. ಈ ಬೋಟಿಗೆ ಟೆಂಡರ್ ಅಂತಾರೆ. ನುಮೇಯಾ, ಪೋರ್ಟ್ ವಿಲಾ, ಸುವಾ, ಲೌಟೋಕಾ ಇವೆಲ್ಲ ಸರಿಯಾದ ಬಂದರು, ರ‍್ಯಾಂಪ್ ಇಳಿದು ನಡ್ಕೊಂಡು ಹೋಗ್ಬಹುದು. ಲಿಫೂ, ಮಿಸ್ಟರಿ ಐಲ್ಯಾಂಡ್, ಐಲ್ ಆಫ್ ಪೈನ್ಸ್, ಫಿಜಿಯ ಡ್ರಾವುನಿ ಇವೆಲ್ಲ ಟೆಂಡರ್. ಹಡಗಿನ ಹೊಟ್ಟೆ ಪಕ್ಕದಲ್ಲಿ ಒಂದು ಬಾಗ್ಲು ತೆಗೀತಾರೆ, ಅಲ್ಲಿಂದ ಅಲೆಗೆ ಮೇಲೆ ಕೆಳಗೆ ಆಡ್ತಿರೋ ಬೋಟಿಗೆ ಒಂದು ಹೆಜ್ಜೆ ಇಡ್ಬೇಕು, ಸಿಬ್ಬಂದಿ ಎರಡೂ ಕೈ ಹಿಡ್ಕೊಂಡು ದಾಟಿಸ್ತಾರೆ, ಆದ್ರೂ ಮಂಡಿ ಸರಿಯಿಲ್ಲದವ್ರಿಗೆ ಅದೊಂದು ಹೆಜ್ಜೆನೇ ಭಯ. ನಮ್ಮ ಮಾವ ಒಂದ್ಸಲ ಇಳಿದ್ರು, ಇನ್ನೊಂದು ದ್ವೀಪದಲ್ಲಿ ನಾನು ಬರಲ್ಲ ನೀವು ಹೋಗ್ಬನ್ನಿ ಅಂದು ಡೆಕ್ ಮೇಲೆ ಪೇಪರ್ ಓದ್ಕೊಂಡು ಕೂತ್ರು. ಇನ್ನೊಂದು, ಅಲೆ ಜೋರಾಗಿದ್ರೆ ಟೆಂಡರ್ ಬಿಡಲ್ಲ, ಕ್ಯಾಪ್ಟನ್ ಮೈಕಲ್ಲಿ ಸಾರಿ ಹೇಳಿ ಹಡಗು ತಿರುಗಿಸ್ತಾರೆ, ದುಡ್ಡು ವಾಪಸ್ ಅಂತೆಲ್ಲ ಏನೂ ಆಗಲ್ಲ, ಟಿಕೆಟ್ ಶರತ್ತಲ್ಲೇ ಬರ್ದಿರ್ತಾರೆ. ನಿಮ್ಮ ಸಣ್ಣ ಪ್ಯಾಕೇಜ್‌ನಲ್ಲಿ ಮೂರರಲ್ಲಿ ಎರಡು ಟೆಂಡರ್, ಅದು ಗಮನದಲ್ಲಿರ್ಲಿ.

ವಾಂತಿ ವಿಷ್ಯಕ್ಕೆ ಬಂದ್ರೆ, ಸಿಡ್ನಿಯಿಂದ ನುಮೇಯಾ ಸುಮಾರು 2000 ಕಿಲೋಮೀಟರ್, ಹಡಗು ಗಂಟೆಗೆ 35 ಕಿಲೋಮೀಟರ್ ಆಸುಪಾಸಲ್ಲಿ ಹೋಗೋದು, ಅಂದ್ರೆ ಹೋಗ್ತಾ ಎರಡು ದಿನದ ಮೇಲೆ ನೀರು ಬಿಟ್ರೆ ಏನೂ ಕಾಣಲ್ಲ, ಬರ್ತಾನೂ ಅಷ್ಟೇ. ದೊಡ್ಡ ಹಡಗು ಘಾಟಿ ಬಸ್ಸಿನಷ್ಟು ಕುಲುಕಲ್ಲ, ನಿಧಾನಕ್ಕೆ ಓಲಾಡುತ್ತೆ, ಆದ್ರೂ ಕೆಲವ್ರಿಗೆ ಮೊದಲ ರಾತ್ರಿ ತಲೆ ಸುತ್ತುತ್ತೆ. ಕ್ಯಾಬಿನ್ ಬುಕ್ ಮಾಡುವಾಗ ಮೇಲಿನ ಡೆಕ್ಕು, ಬಾಲ್ಕನಿ ಅಂತ ಆಸೆಪಡ್ಬೇಡಿ, ಕೆಳಗಿನ ಡೆಕ್ಕಲ್ಲಿ ಹಡಗಿನ ನಡುಭಾಗದ್ದು ತಗೊಳ್ಳಿ, ಓಲಾಟ ಅಲ್ಲೇ ಕಮ್ಮಿ, ಜೊತೆಗೆ ಲಿಫ್ಟ್‌ಗೆ ಹತ್ರ ಇರೋದು ನೋಡಿ ಅಪ್ಪಂಗೂ ಆಗುತ್ತೆ. ಅವೋಮಿನ್ ತರದ ಮಾತ್ರೆ ಇಲ್ಲಿಂದಲೇ ತಗೊಂಡು ಹೋಗಿ, ಆದ್ರೆ ಅವ್ರು ಬಿಪಿ ಶುಗರ್‌ಗೆ ಬೇರೆ ಮಾತ್ರೆ ತಗೋತಿದ್ರೆ ಮೊದ್ಲು ಡಾಕ್ಟ್ರನ್ನ ಕೇಳಿ, ನಿದ್ದೆ ಜಾಸ್ತಿ ಬರುತ್ತೆ ಅದಕ್ಕೆ. ಹಡಗಲ್ಲಿ ಕ್ಲಿನಿಕ್ ಇರುತ್ತೆ, ಆದ್ರೆ ಬಿಲ್ ನೋಡಿ ಎದೆ ಹಿಡ್ಕೋಬೇಕು, ಕ್ರೂಸ್ ಕೂಡ ಕವರ್ ಆಗೋ ಇನ್ಶೂರೆನ್ಸ್ ಇಲ್ದೆ ಹತ್ಲೇಬೇಡಿ.

ಊಟಕ್ಕೆ ಅಮ್ಮಂಗೆ ತೊಂದ್ರೆ ಆಗಲ್ಲ. ಬುಕಿಂಗ್‌ನಲ್ಲೇ ವೆಜಿಟೇರಿಯನ್ ಅಂತ ಹಾಕ್ಸಿ, ಹತ್ತಿದ ದಿನಾನೇ ಡೈನಿಂಗ್ ಹಾಲ್ ಮುಖ್ಯಸ್ಥರನ್ನ ಹುಡುಕಿ ಮಾತಾಡಿ. ಕೆಲಸದವ್ರಲ್ಲಿ ಇಂಡಿಯಾದವ್ರು ಬೇಕಾದಷ್ಟು ಜನ ಇರ್ತಾರೆ, ನಮಗೆ ಸಿಕ್ಕವ್ರು ಮಂಗಳೂರು ಕಡೆಯವ್ರು, ಕನ್ನಡದಲ್ಲಿ ಮಾತಾಡ್ಸಿದ್ದೇ ತಡ ಅತ್ತೆಗೆ ದಿನಾ ಅನ್ನ ಮೊಸರು ತಂದಿಡೋರು. ಮುದ್ದೆ ಮಾತ್ರ ಮರ್ತುಬಿಡಿ.

ಮದ್ದೂರ್‌ವಡೆ:

ಎಲ್ಲಾ ಸರಿ ಕಣಕ್ಕ, ಆದ್ರೆ ಹಡಗಲ್ಲಿ ಅಷ್ಟು ದಿನ ಕೂರಿಸ್ಕೊಂಡು ಏನ್ ಮಾಡೀರಿ? ನಮ್ ಕಡೆ ವಯಸ್ಸಾದೋರು ಒಂದ್ ಗಳಿಗೆ ಸುಮ್ಕೆ ಕೂರಾಕಿಲ್ಲ, ಎರಡ್ನೇ ದಿನಕ್ಕೇ ಊರ್ಗೋಗನ ನಡೀರ್ಲಾ ಅಂತಾರೆ. ಅಲ್ಲಿ ನೋಡುದ್ರೆ ಕುಡಿಯೋರು, ಕುಣಿಯೋರು, ಜೂಜಾಡೋರು, ದಸರಾ ಎಕ್ಸಿಬಿಷನ್‌ಗೆ ಭಾನ್ವಾರ ಹೋದಂಗಿರ್ತದೆ. ಸಿಡ್ನಿಯಿಂದ ಫಿಜಿಗೆ ವಿಮಾನ ಅದೆ, ನಾಕೇ ಗಂಟೆ. ನಾಂಡಿಲಿ ಇಳ್ದು ಒಂದ್ ರೂಮ್ ಮಾಡ್ಕಂಡು ಒಂದ್ ನಾಕೈದು ದಿನ ಆರಾಮಾಗಿ ಇದ್ದು ಬನ್ನಿ, ದುಡ್ಡೂ ಉಳೀತದೆ. ಹಡಗು ಒಂದೊಂದು ಊರಲ್ಲಿ ನಿಲ್ಲದು ಬೆಳಗ್ಗೆಯಿಂದ ಸಾಯಂಕಾಲ ಅಷ್ಟೇ, ಅಷ್ಟ್ರಲ್ಲಿ ಏನ್ ನೋಡಿಯಾ?

ಸರಸ್ವತಿಪುರಂ_ಸುತ್ತಾಟ:

ಬ್ರೋ ಅದು ನಿಮಗೂ ನಂಗೂ ಸರಿ. ವಯಸ್ಸಾದವ್ರಿಗೆ ದಿನಾ ಪೆಟ್ಟಿಗೆ ಕಟ್ಟೋದು, ಹೋಟೆಲ್ ಬದಲಾಯಿಸೋದು, ಟ್ಯಾಕ್ಸಿಗೆ ಕಾಯೋದು ಇವೇ ಸುಸ್ತು. ಹಡಗಲ್ಲಿ ಒಂದೇ ರೂಮು, ಕಾಫಿ ಬೇಕಂದ್ರೆ ಕಾಫಿ, ಮಲ್ಕೋಬೇಕು ಅನ್ಸಿದ್ರೆ ಮಲ್ಕೊಳ್ಳೋದು, ಊರುಗಳು ತಾವೇ ಬರ್ತವೆ. ಗದ್ದಲ ಪೂಲ್ ಹತ್ರ ಮಾತ್ರ, ಡೆಕ್ಕಿನ ಹಿಂದಿನ ಕಡೆ ಹೋಗಿ ಕೂತ್ರೆ ಯಾರೂ ಇರಲ್ಲ.

ತೆಂಕಣ_ಕನ್ನಡಿಗ:

ನಾನು ಮಂಡ್ಯದವ್ನೇ, ಕೆಲಸದ ಮೇಲೆ ಸುವಾದಲ್ಲಿ ಇದ್ದೆ, ಈಗ ಮೈಸೂರಿಗೆ ಬಂದು ಸೆಟ್ಲ್ ಆಗಿದೀನಿ. ನಿಮ್ಮಪ್ಪ ಕಬ್ಬು ಬೆಳೆದೋರು ಅಂತ ಓದಿದ ಮೇಲೆ ಬರೀದೆ ಇರಕ್ಕಾಗ್ಲಿಲ್ಲ. ಕಣ್ಣು ಮುಚ್ಕೊಂಡು ಎರಡನೇದು ತಗೊಳ್ಳಿ, ಅದ್ರಲ್ಲೂ ಲೌಟೋಕಾ ಇದೆಯಾ ಅಂತ ಗಟ್ಟಿ ಮಾಡ್ಕೊಳ್ಳಿ. ಲಿಫೂ ಚೆನ್ನಾಗಿಲ್ಲ ಅಂತಲ್ಲ, ನೀರು ಗಾಜು, ಹವಳದ ದಿಬ್ಬ, ಬಣ್ಣದ ಮೀನು, ಬಂಡೆ ಮೇಲೆ ಒಂದು ಪುಟ್ಟ ಚರ್ಚು. ನ್ಯೂ ಕ್ಯಾಲೆಡೋನಿಯಾದ ಲಗೂನ್‌ಗಳು 2008ರಿಂದ ಯುನೆಸ್ಕೋ ಪಟ್ಟೀಲಿವೆ. ಆದ್ರೆ ಅದೆಲ್ಲ ನೀರಿಗಿಳಿದು ಮುಖ ಮುಳುಗಿಸಿ ನೋಡೋರಿಗೆ. 76 ವರ್ಷದ ರೈತ ಮರದ ಕೆಳಗೆ ಅರ್ಧ ಗಂಟೆ ಕೂತು, ಇನ್ನೇನೈತೆ ಇಲ್ಲಿ ಅಂತಾರೆ. ಮಿಸ್ಟರಿ ಐಲ್ಯಾಂಡ್ ಅಂತೂ ಜನವಸತಿನೇ ಇಲ್ಲದ ತುಂಡು ದ್ವೀಪ, ಹಡಗು ಬಂದ ದಿನ ಪಕ್ಕದ ಅನೈಟಿಯಮ್ ದ್ವೀಪದವ್ರು ದೋಣೀಲಿ ಬಂದು ಅಂಗಡಿ ಹಾಕ್ತಾರೆ, ಸಾಯಂಕಾಲ ಎತ್ಕೊಂಡು ಹೋಗ್ತಾರೆ.

ಲೌಟೋಕಾ ಬೇರೇನೇ. ಅದನ್ನ ಅಲ್ಲಿಯವ್ರು ಶುಗರ್ ಸಿಟಿ ಅಂತ್ಲೇ ಕರೆಯೋದು. ಬಂದರಿನ ಪಕ್ಕದಲ್ಲೇ 1903ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ, ಅಂದ್ರೆ ನಮ್ಮ ಮಂಡ್ಯದ ಮೈಷುಗರ್‌ಗಿಂತ ಮೂವತ್ತು ವರ್ಷ ಹಳೇದು. ಆಸ್ಟ್ರೇಲಿಯಾದ ಸಿಎಸ್‌ಆರ್ ಕಂಪನಿದು ಆಗ, 1973ರಲ್ಲಿ ಅವ್ರು ಬಿಟ್ಟು ಹೋದ್ರು, ಈಗ ಫಿಜಿ ಸರ್ಕಾರದ್ದು. ಕಬ್ಬು ಸಾಗಿಸೋಕೆ ಎರಡಡಿ ಅಗಲದ ಪುಟ್ಟ ರೈಲು ಹಳಿ ಗದ್ದೆ ನಡುವೆ, ರಸ್ತೆ ಪಕ್ಕ, ಎಲ್ಲಾ ಕಡೆ ಹಾಕಿದಾರೆ, ಇವತ್ತಿಗೂ ಕೆಲವು ಕಡೆ ಓಡುತ್ತೆ, ಉಳಿದದ್ದು ಲಾರಿ. ಲೌಟೋಕಾದಿಂದ ನಾಂಡಿಗೆ ಕಾರಲ್ಲಿ ಅರ್ಧ ಮುಕ್ಕಾಲು ಗಂಟೆ, ದಾರಿಯುದ್ದಕ್ಕೂ ಕಬ್ಬು, ಗುಡ್ಡದ ಇಳಿಜಾರಲ್ಲೂ ಬೆಳೀತಾರೆ, ಕಾಲುವೆ ನೀರಿಲ್ಲ, ಮಳೆ ನಂಬ್ಕೊಂಡೇ. ವಿಶ್ವೇಶ್ವರಯ್ಯ ನಾಲೆ ನೀರಲ್ಲಿ ಬೆಳೆದ ನಮ್ಮೋರಿಗೆ ಅದೊಂದು ನೋಡಿದ್ರೇನೇ ಬೇಕಾದಷ್ಟು ಮಾತಾಡೋಕಿರುತ್ತೆ.

ಆ ಗದ್ದೆಗಳಲ್ಲಿ ಕೆಲಸ ಮಾಡೋಕೆ ಅಂತ್ಲೇ ಬ್ರಿಟಿಷ್ರು ನಮ್ಮ ದೇಶದಿಂದ ಕೂಲಿಗಳನ್ನ ಕರಾರು ಬರೆಸ್ಕೊಂಡು ತಂದಿದ್ದು. ಮೊದಲ ಹಡಗು ಲಿಯೊನಿಡಾಸ್, 1879ರ ಮೇ 14ಕ್ಕೆ ಫಿಜಿ ಮುಟ್ತು, 1916ರವರೆಗೂ ಹಡಗು ಬರ್ತಾನೇ ಇದ್ವು, ಒಟ್ಟು 60 ಸಾವಿರದ ಮೇಲೆ ಜನ. ಐದು ವರ್ಷದ ಕರಾರು, ಪುಕ್ಕಟೆ ವಾಪಸ್ ಟಿಕೆಟ್ ಬೇಕು ಅಂದ್ರೆ ಇನ್ನೂ ಐದು ವರ್ಷ ಅಲ್ಲೇ ಇರ್ಬೇಕು, ಹಂಗಾಗಿ ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಉಳಿದ್ರು ಅನ್ನಿ. ಮೊದಮೊದಲು ಕಲ್ಕತ್ತಾದಿಂದ, 1903ರಿಂದ ಮದ್ರಾಸ್ ಬಂದರಿನಿಂದಲೂ. ತಮಿಳು, ತೆಲುಗು, ಮಲಯಾಳಂ ಮನೆಯವ್ರು ಈಗಲೂ ಇದಾರೆ, ಆದ್ರೆ ಮಾತಾಡೋದು ಫಿಜಿ ಹಿಂದಿ, ಭೋಜಪುರಿ ಅವಧಿ ಬೆರೆತಿರೋದು. ಸುಮ್ನೆ ಒಬ್ಬ ಟ್ಯಾಕ್ಸಿಯವ್ನ ಹತ್ರ ಹಿಂದೀಲಿ ಮಾತು ತೆಗೀರಿ, ಅವನ ಮುತ್ತಾತ ಯಾವ ಜಿಲ್ಲೆಯಿಂದ ಬಂದ ಅನ್ನೋದ್ರಿಂದ ಹಿಡಿದು 1987ರ ದಂಗೆವರೆಗೂ ಹೇಳ್ತಾನೆ. ಜಮೀನು ಮಾತ್ರ ಬಹುಪಾಲು ಮೂಲ ಫಿಜಿಯವ್ರ ಕುಲಗಳದ್ದು, ಇವ್ರದ್ದು ಬರೀ ಗುತ್ತಿಗೆ, 1997ರಿಂದ ಆ ಮೂವತ್ತು ವರ್ಷದ ಗುತ್ತಿಗೆಗಳು ಮುಗೀತಾ ಬಂದ್ವು, ಎಷ್ಟೋ ಜನ ಮನೆ ಮಠ ಬಿಟ್ಟು ಪಟ್ಟಣಕ್ಕೋ ಆಸ್ಟ್ರೇಲಿಯಾಗೋ ಹೋದ್ರು. ಸಿಡ್ನೀಲಿ ನಿಮ್ಮ ತಮ್ಮನ ಏರಿಯಾದಲ್ಲಿ ಇಂಡಿಯನ್ ಅಂಗಡಿ ಇಟ್ಟಿರೋರು ಫಿಜಿಯವ್ರೇ ಇರ್ಬಹುದು, ಕೇಳಿ ನೋಡಿ.

ನಾಂಡೀಲಿ ಶ್ರೀ ಶಿವ ಸುಬ್ರಹ್ಮಣ್ಯ ದೇವಸ್ಥಾನ ಇದೆ, ದ್ರಾವಿಡ ಶೈಲಿ, ಗೋಪುರದ ತುಂಬಾ ಬಣ್ಣ. ಈಗಿರೋ ಗುಡಿ 1994ರದ್ದು. ಅಮ್ಮಂಗೆ ಅದು, ಅಪ್ಪಂಗೆ ಕಬ್ಬು, ಒಂದೇ ದಾರೀಲಿ ಎರಡೂ ಮುಗಿಯುತ್ತೆ. ಹಡಗಿನವ್ರ ಟೂರ್ ತಗೋಬೇಡಿ, ಬಸ್ ತುಂಬಾ ಜನ ತುಂಬಿಸಿ ಅಂಗಡಿಗೆ ಕರ್ಕೊಂಡು ಹೋಗ್ತಾರೆ, ಬಂದರಿನ ಗೇಟ್ ಹೊರಗೆ ಟ್ಯಾಕ್ಸಿ ಮಾತಾಡಿ ಅರ್ಧ ದಿನಕ್ಕೆ. ಆದ್ರೆ ಒಂದು ಎಚ್ಚರ, ಸ್ವಂತ ಟ್ಯಾಕ್ಸೀಲಿ ಹೋಗಿ ಲೇಟಾದ್ರೆ ಹಡಗು ನಿಮಗೋಸ್ಕರ ಕಾಯಲ್ಲ, ಹೊರಡೋ ಟೈಮಿಗೆ ಎರಡು ಗಂಟೆ ಮುಂಚೇನೇ ವಾಪಸ್ ಬಂದ್ಬಿಡಿ.

ಇನ್ನೊಂದು ಮುಖ್ಯವಾದ್ದು. ಕೆಲವು ಹಡಗು ಸುವಾದಲ್ಲಿ ಮಾತ್ರ ನಿಲ್ತವೆ. ಸುವಾ ಅದೇ ದ್ವೀಪದ ಇನ್ನೊಂದು ತುದಿ, ಅಲ್ಲಿಂದ ನಾಂಡಿ 190 ಕಿಲೋಮೀಟರ್, ಒಂದೇ ದಿನದಲ್ಲಿ ಹೋಗಿ ಬರೋಕಾಗಲ್ಲ. ಸುವಾದಲ್ಲಿ ಹಡಗಿಳಿದ್ರೆ ಎದುರಿಗೇ ದೊಡ್ಡ ಮಾರ್ಕೆಟ್, ಕೆಸವಿನ ಗೆಡ್ಡೆ, ಮರಗೆಣಸು, ತೆಂಗಿನಕಾಯಿ ರಾಶಿ, ಒಳ್ಳೇ ರೋಟಿ ದಾಲ್ ಸಿಗುತ್ತೆ, ಮಳೆ ಮಾತ್ರ ಯಾವಾಗ ಬೇಕಾದ್ರೂ. ಕಾವಾ ಅಂತ ಒಂದು ಬೇರಿನ ಕಷಾಯ ಕೊಡ್ತಾರೆ ತೆಂಗಿನ ಚಿಪ್ಪಲ್ಲಿ, ಮೆಣಸು, ವೀಳ್ಯದೆಲೆ ಜಾತಿಗೇ ಸೇರಿದ ಗಿಡ ಅದು, ಕುಡಿದ್ರೆ ನಾಲಿಗೆ ಜೋಮು ಹಿಡಿಯುತ್ತೆ. ಅಪ್ಪಂಗೆ ಬಿಪಿ ಮಾತ್ರೆ ಇದ್ರೆ ಬೇಡ.

ಪಾಸ್‌ಪೋರ್ಟ್_ಪುಟ:

ವೀಸಾ ವಿಷ್ಯ ಯಾರೂ ಹೇಳಿಲ್ಲ ನಾನು ಹೇಳ್ತೀನಿ. ಎಲ್ಲಕ್ಕಿಂತ ಮೊದ್ಲು ಆಸ್ಟ್ರೇಲಿಯಾ ವಿಸಿಟರ್ ವೀಸಾ, ಸಬ್‌ಕ್ಲಾಸ್ 600. ಹಡಗು ದೇಶ ಬಿಟ್ಟು ಹೋಗಿ ವಾಪಸ್ ಬರೋದ್ರಿಂದ ಮಲ್ಟಿಪಲ್ ಎಂಟ್ರಿ ಇರ್ಲೇಬೇಕು, ಸಿಂಗಲ್ ಎಂಟ್ರಿ ಬಂದ್ರೆ ಕೆಲಸ ಕೆಟ್ಟಂಗೆ, ಹಾಗಾಗಿ ಅರ್ಜೀಲೇ ಕ್ರೂಸ್ ಪ್ಲ್ಯಾನ್ ಬರೀರಿ. ಅಪ್ಪಂಗೆ 75 ದಾಟಿರೋದ್ರಿಂದ ಮೆಡಿಕಲ್ ಮಾಡಿಸೋಕೆ ಹೇಳ್ತಾರೆ, ಅದಕ್ಕೆ ಅವ್ರು ಗುರುತು ಮಾಡಿರೋ ಡಾಕ್ಟ್ರ ಹತ್ರನೇ ಹೋಗ್ಬೇಕು, ಟೈಮ್ ಇಟ್ಕೊಂಡು ಹಾಕಿ. ಫಿಜಿಗೂ ವನುವಾಟುಗೂ ನಮ್ಮ ಪಾಸ್‌ಪೋರ್ಟ್‌ಗೆ ಮುಂಚಿತ ವೀಸಾ ಬೇಕಿಲ್ಲ. ನ್ಯೂ ಕ್ಯಾಲೆಡೋನಿಯಾ ಫ್ರಾನ್ಸ್ ಕೈಯಲ್ಲಿರೋದು, ಆದ್ರೆ ಯೂರೋಪಿನ ಷೆಂಗನ್ ವೀಸಾ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಬೇರೆ ನಿಯಮ, ಕ್ರೂಸ್‌ನವ್ರಿಗೆ ಇಂಡಿಯನ್ ಪಾಸ್‌ಪೋರ್ಟ್ ಅಂತ ಹೇಳಿ ಇಮೇಲ್‌ನಲ್ಲಿ ಉತ್ತರ ತರಿಸ್ಕೊಳ್ಳಿ. ತಮ್ಮಂಗೆ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇದ್ರೆ ಅವನಿಗೆ ಇದು ತಲೆಗೇ ಹೋಗಿರಲ್ಲ.

ಹಳೇ ವಿಡಿಯೋ ನೋಡಿ ಪಿ ಅಂಡ್ ಓ ಆಸ್ಟ್ರೇಲಿಯಾ ಹಡಗು ಹುಡುಕ್ಬೇಡಿ, 2025 ಮಾರ್ಚ್‌ನಲ್ಲಿ ಆ ಹೆಸರೇ ಹೋಗಿ ಕಾರ್ನಿವಲ್‌ಗೆ ಸೇರ್ಕೊಂಡಿದೆ. ಮತ್ತೆ ಈ ದ್ವೀಪಗಳ ಸುದ್ದಿ ನೋಡ್ತಿರಿ, 2024 ಮೇನಲ್ಲಿ ನುಮೇಯಾದಲ್ಲಿ ದೊಡ್ಡ ಗಲಭೆ ಆಗಿ ಹಡಗುಗಳು ಹೋಗೋದೇ ನಿಂತಿತ್ತು, ಅದೇ ವರ್ಷ ಡಿಸೆಂಬರ್ 17ಕ್ಕೆ ಪೋರ್ಟ್ ವಿಲಾದಲ್ಲಿ 7.3ರ ಭೂಕಂಪ. ಅಂಥ ಟೈಮಲ್ಲಿ ರೂಟ್ ಬದಲಾಯಿಸ್ತಾರೆ. ನವೆಂಬರ್‌ನಿಂದ ಏಪ್ರಿಲ್ ಸೈಕ್ಲೋನ್ ಸೀಸನ್, ಅದನ್ನ ಬಿಟ್ಟು ಹೋದ್ರೆ ಒಳ್ಳೇದು.

ಫೋನ್ ಮರೀಬೇಡಿ. ಹಡಗು ದಡ ಬಿಟ್ಟ ಕೂಡ್ಲೇ ಏರೋಪ್ಲೇನ್ ಮೋಡ್, ಇಲ್ದಿದ್ರೆ ಹಡಗಿನ ಟವರ್ ಹಿಡ್ಕೊಂಡು ರೋಮಿಂಗ್ ಬಿಲ್ ಬರುತ್ತೆ. ಅಪ್ಪ ಅಮ್ಮನ ಫೋನಲ್ಲಿ ನೀವೇ ಮಾಡ್ಕೊಡಿ.

ಕಾವೇರಿತೀರ:

ತುಂಬಾ ತುಂಬಾ ಥ್ಯಾಂಕ್ಸ್. ನೆನ್ನೆ ರಾತ್ರಿ ಅಪ್ಪಂಗೆ ಫೋನಲ್ಲಿ ತೆಂಕಣ ಸರ್ ಬರೆದಿದ್ದನ್ನ ಓದಿ ಹೇಳ್ದೆ, ಇಲ್ಲಿವರ್ಗೂ ಹಡಗು ಗಿಡಗು ಬ್ಯಾಡ ಅಂತಿದ್ದ ಮನುಷ್ಯ ರೈಲಲ್ಲಿ ಕಬ್ಬು ಅಂದ ತಕ್ಷಣ ಎದ್ದು ಕೂತಿದಾರೆ. ಈಗ ಅವ್ರ ಪ್ರಶ್ನೆಗಳು ಕೇಳಿ: ಯಾವ ತಿಂಗಳಲ್ಲಿ ಹೋದ್ರೆ ಕಟಾವು ನೋಡ್ಬಹುದು, ಕೂಳೆ, ಅಂದ್ರೆ ಕಡಿದ ಬುಡದಿಂದಲೇ ಮತ್ತೆ ಚಿಗುರೋದು, ಎಷ್ಟು ಬೆಳೆ ಬಿಡ್ತಾರೆ, ಟನ್‌ಗೆ ಏನ್ ರೇಟು, ಕಾರ್ಖಾನೆಯವ್ರು ದುಡ್ಡು ಟೈಮಿಗೆ ಕೊಡ್ತಾರಾ, ಮತ್ತೆ ಅಲ್ಲಿಂದ ಬಿತ್ತನೆಗೆ ನಾಕು ತುಂಡು ತರ್ಬಹುದಾ. ಅಮ್ಮ ಕೇಳಿದ್ದು ಒಂದೇ, ಚಟ್ನಿಪುಡಿ ತಗೊಂಡು ಹೋಗ್ಬಹುದಾ.

ತೆಂಕಣ_ಕನ್ನಡಿಗ:

ಹಹಹ ಅಪ್ಪಂಗೆ ನಮಸ್ಕಾರ ಹೇಳಿ. ಕಾರ್ಖಾನೆ ಸಾಮಾನ್ಯವಾಗಿ ಜೂನ್ ಹೊತ್ತಿಗೆ ಶುರುವಾಗಿ ನವೆಂಬರ್ ಆಸುಪಾಸಿನವರೆಗೂ ನುರಿಯುತ್ತೆ, ಸೈಕ್ಲೋನ್ ಇಲ್ಲದ ಒಣ ಕಾಲವೂ ಅದೇ, ಹಾಗಾಗಿ ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ ಎರಡಕ್ಕೂ ಸರಿ. ಸಿಡ್ನೀಲಿ ಆಗ ಚಳಿ, ಹೊರಡೋ ದಿನ ಅಪ್ಪಂಗೆ ಸ್ವೆಟರ್ ಬೇಕು, ಫಿಜೀಲಿ ಪಂಚೆ ಸಾಕು. ಕೂಳೆ ಅಲ್ಲಿ ವಿಪರೀತ ಬಿಡ್ತಾರೆ, ಹೊಸದಾಗಿ ನಾಟಿ ಮಾಡೋಕೆ ಆಳೂ ಇಲ್ಲ ದುಡ್ಡೂ ಇಲ್ಲ, ಇಳುವರಿ ಬೀಳ್ತಿರೋದಕ್ಕೆ ಅದೂ ಒಂದು ಕಾರಣ. ನಿಮ್ಮಪ್ಪ ನೋಡಿದ್ರೆ ಬೈತಾರೆ.

ರೇಟು: ನಾನಿದ್ದಾಗ ಸರ್ಕಾರ ಟನ್‌ಗೆ 85 ಫಿಜಿ ಡಾಲರ್ ಗ್ಯಾರಂಟಿ ಅಂತ ಕೊಟ್ಟಿತ್ತು, ಈಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಮೇಲೆ. ನಮ್ಮಲ್ಲಿ ಕಬ್ಬಿಗೆ ಕನಿಷ್ಠ ಬೆಲೆ ಅಂತ ಇರೋ ಕೇಂದ್ರದ ಎಫ್‌ಆರ್‌ಪಿ 2024-25ಕ್ಕೆ ಕ್ವಿಂಟಾಲ್‌ಗೆ 340 ಇತ್ತಲ್ಲ, ಅಂದ್ರೆ ಟನ್‌ಗೆ 3400, ಹೆಚ್ಚುಕಮ್ಮಿ ಒಂದೇ. ದುಡ್ಡು ಒಂದೇ ಸಲ ಕೊಡಲ್ಲ, ಕಬ್ಬು ಹಾಕಿದಾಗ ಒಂದಿಷ್ಟು, ಉಳಿದದ್ದು ಕಂತು ಕಂತಾಗಿ ಮುಂದಿನ ವರ್ಷದವರೆಗೂ. ಕಂತು ಯಾವಾಗ ಅನ್ನೋದು ಅಲ್ಲಿ ಪೇಪರಲ್ಲಿ ಮೊದಲ ಪುಟದ ಸುದ್ದಿ.

ಬಿತ್ತನೆ ತುಂಡು ಮಾತ್ರ ದಯವಿಟ್ಟು ಮುಟ್ಟೋಕೂ ಬಿಡ್ಬೇಡಿ. ಕಬ್ಬಿಗೆ ಫಿಜಿ ಡಿಸೀಸ್ ಅಂತ್ಲೇ ಒಂದು ವೈರಸ್ ರೋಗ ಇದೆ, ಮೊದಲು ಗುರುತಿಸಿದ್ದೇ ಅಲ್ಲಿ, ಜಿಗಿಹುಳದಿಂದ ಹರಡೋದು, ಬಿತ್ತನೆ ಜೊತೆಗೂ ಬರುತ್ತೆ. ಆಸ್ಟ್ರೇಲಿಯಾದಲ್ಲಿ ಹಿಡಿದ್ರೆ ಭಾರಿ ದಂಡ, ಇಂಡಿಯಾಗೂ ಪರ್ಮಿಟ್ ಇಲ್ದೆ ತರಂಗಿಲ್ಲ. ಅವ್ರಿಗೆ ಬೇಜಾರಾದ್ರೆ ಹೀಗೆ ಹೇಳಿ, ದಪ್ಪ ರಸದ ಕಬ್ಬನ್ನ ಮೊದಲು ಬೇಸಾಯಕ್ಕೆ ತಂದಿದ್ದೇ ಆ ಕಡೆ ನ್ಯೂಗಿನಿ ದ್ವೀಪದ ಜನ, ಅದನ್ನೇ ನಮ್ಮ ಕಾಡುಕಬ್ಬಿನ ಜೊತೆ ಕ್ರಾಸ್ ಮಾಡಿ ಕೊಯಮತ್ತೂರಲ್ಲಿ ಕೋ ತಳಿಗಳನ್ನ ಮಾಡಿದ್ದು, ನೀವು ಬೆಳೆದ ಕೋ 62175 ತಳೀಲೂ ಅದರ ರಕ್ತ ಇದೆ, ಹೊಸದಾಗಿ ತರೋದೇನೂ ಇಲ್ಲ ಅಂತ.

ಪಾಸ್‌ಪೋರ್ಟ್_ಪುಟ:

ಅಮ್ಮಂಗೆ: ಮನೇಲಿ ಮಾಡಿದ್ದು ಹಡಗಿಗೆ ಬಿಡಲ್ಲ, ಅಂಗಡೀಲಿ ಸೀಲ್ ಮಾಡಿರೋ ಪ್ಯಾಕೆಟ್ ತಗೊಳ್ಳಿ, ಸಿಡ್ನಿ ಏರ್‌ಪೋರ್ಟ್ ಕಾರ್ಡಲ್ಲಿ ಫುಡ್ ಇದೆ ಅಂತ ಟಿಕ್ ಮಾಡಿ ತೋರ್ಸಿ, ಬೇಡ ಅಂದ್ರೆ ಅಲ್ಲೇ ಬಿಡಿ. ಹಡಗಿನ ಬಫೆಯಿಂದ ಬಾಳೆಹಣ್ಣು ಬ್ಯಾಗಿಗೆ ಹಾಕ್ಕೊಂಡು ದ್ವೀಪಕ್ಕೆ ಇಳಿಯೋದೂ ಬೇಡ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಹಡಗಲ್ಲಿ ನಿಷೇಧ, ಹತ್ತುವಾಗ್ಲೇ ಕಿತ್ಕೊಂಡು ಇಳಿಯುವಾಗ ಕೊಡ್ತಾರೆ.

ಮದ್ದೂರ್‌ವಡೆ:

ನಾನು ವಿಮಾನ ಅಂದಿದ್ದೆ, ಸರಿ ಬುಡಿ, ಹಡಗಲ್ಲೇ ಹೋಗಿ. ಆದ್ರೆ ಆ ಪುಟ್ ರೈಲ್‌ದು ಒಂದ್ ವಿಡಿಯೋ ಇಲ್ಲಿ ಹಾಕ್ಬೇಕು ನೀವು. ನಮ್ಮಪ್ಪಂಗೆ ತೋರಿಸ್ಬೇಕು, ಎತ್ತಿನ ಗಾಡೀಲಿ ಫ್ಯಾಕ್ಟ್ರಿಗೆ ಹೊಡ್ದೋರು ಅವ್ರು.

ಕಾವೇರಿತೀರ:

ಖಂಡಿತ ಹಾಕ್ತೀನಿ. ತಮ್ಮಂಗೆ ಮೆಸೇಜ್ ಮಾಡಿದೀನಿ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಲೌಟೋಕಾ ಇರೋದು, ಕೆಳಗಿನ ಡೆಕ್ಕಿನ ನಡುಭಾಗ, ಲಿಫ್ಟ್ ಹತ್ರ ಎರಡು ಕ್ಯಾಬಿನ್ ಅಂತ. ಇಮೇಲ್ ಉತ್ತರ ಬಂದ ಮೇಲೆ ನುಮೇಯಾ ವೀಸಾ ಕಥೆ ಏನು ಅಂತ ಇಲ್ಲೇ ಬರೀತೀನಿ, ಮುಂದೆ ಹೋಗೋರಿಗೂ ಬೇಕಾಗುತ್ತೆ.